ಜಡೆಯಿಲ್ಲದ, ಪಂಚೆಯುಡದ ಗುಬ್ಬಿ

“ಗಂಡಾ, ಹೆಣ್ಣಾ? ಅಷ್ಟು ಹೇಳಿ ಸಾಕು,” ಎಂದರು ನಮ್ಮ ಬಾಸ್. ಮಧ್ಯಾಹ್ನದ ಮೀಟಿಂಗು. ಹೊಟ್ಟೆಯಲ್ಲಿ ಕ್ಯಾಂಟೀನಿನ ಬಿಸಿಬೇಳೆಬಾತು, ಕಣ್ಣಲ್ಲಿ ನಿದ್ದೆ. “ಗೊತ್ತಿಲ್ಲ” ಎಂದೆ. ಕನ್ನಡ ವಿಭಾಗದ ಸಂಪಾದಕಿಯಾಗಿ ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ಅವರು ನೋಡಿದರು. ನನಗೆ ಬೇಗ ಸಿಟ್ಟು ಬರುತ್ತದೆ. “ಒಂದು ವಾರ ಕೊಡಿ, ಕಂಡುಹಿಡಿದೇ ಬಿಡ್ತೀನಿ” ಎಂದು ಎಲ್ಲರೆದುರು ಹೇಳಿಬಿಟ್ಟೆ.

ಜನ ಫೋನಿನಲ್ಲಿ ಕತೆ ಓದುವ, ಕೇಳುವ ಆಪ್ ನಮ್ಮದು. ಆಫೀಸು ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರಲ್ಲಿದೆ. ಆ ವರ್ಷ ನಮ್ಮ ಕನ್ನಡ ಓದುಗರ ತಲೆ ಕೆಡಿಸಿದ್ದು ‘ಪೀಣ್ಯದ ಗುಬ್ಬಿ’ ಎಂಬ ಹೆಸರಿನಲ್ಲಿ ಯಾರೋ ಬರೆಯುತ್ತಿದ್ದ ಒಂದು ಧಾರಾವಾಹಿ. ಪೀಣ್ಯದ ಯಾವುದೋ ಫ್ಯಾಕ್ಟರಿ. ಅಲ್ಲಿ ಕೆಲಸಗಾರರ ಊಟದ ಡಬ್ಬಿಗಳು ದಿನಕ್ಕೊಂದರಂತೆ ಮಾಯವಾಗುತ್ತವೆ. ಕಳ್ಳನನ್ನು ಹಿಡಿಯಲು ಹೊರಡುವವರು ಇಬ್ಬರು: ಪ್ಯಾಕಿಂಗ್ ವಿಭಾಗದ ಪದ್ಮಾ, ಬಾಯಿ ಜೋರಿನ ಹುಡುಗಿ; ಸ್ಟೋರ್ಸಿನ ಸಣ್ಣಪ್ಪಜ್ಜ, ಮೂಗಿನ ತುದಿಯಲ್ಲೇ ಕೋಪವಿರುವ ಮುದುಕ. ಕಳ್ಳ ಸಿಗುವುದು ಯಾರಿಗೂ ಬೇಕಿರಲಿಲ್ಲ. ಈ ಇಬ್ಬರ ಜಗಳ ಓದಲು ಜನ ಶುಕ್ರವಾರಕ್ಕೆ ಕಾಯುತ್ತಿದ್ದರು.

ಕತೆಯನ್ನು ಆಡಿಯೋ ಮಾಡಬೇಕೆಂದು ತೀರ್ಮಾನವಾಯಿತು. ನಮ್ಮಲ್ಲೊಂದು ಪದ್ಧತಿ. ಬರೆದವರು ಗಂಡಸಾದರೆ ಓದಲು ಗಂಡು ದನಿ, ಹೆಂಗಸಾದರೆ ಹೆಣ್ಣು ದನಿ. ಬರೆದವರ ಒಪ್ಪಿಗೆಯ ಸಹಿಯೂ ಬೇಕು. ಆದರೆ ಗುಬ್ಬಿಯ ಬಗ್ಗೆ ನಮ್ಮ ಬಳಿ ಇದ್ದದ್ದು ಒಂದು ಇಮೇಲ್ ಮಾತ್ರ, ಅದರಲ್ಲೂ ಗುಬ್ಬಿ ಅಂತಲೇ ಹೆಸರು. ದಯವಿಟ್ಟು ನಿಮ್ಮ ಪರಿಚಯ ತಿಳಿಸಿ ಎಂದು ಆಪಿನೊಳಗೆ ನಾನು ಬರೆದಿದ್ದಕ್ಕೆ, “ಕಾಳು ಹಾಕಿದ್ದಕ್ಕೆ ಥ್ಯಾಂಕ್ಸ್. ಗೂಡು ಕೇಳಬೇಡಿ” ಎಂಬ ಉತ್ತರ ಬಂದಿತ್ತು. ಆಮೇಲೆ ಬರೆದದ್ದಕ್ಕೆ ಉತ್ತರವೇ ಇಲ್ಲ. ಬಾಸಿನ ಲೆಕ್ಕಾಚಾರ ಹೀಗಿತ್ತು: ಗಂಡೋ ಹೆಣ್ಣೋ ಊಹೆ ಮಾಡಿ, ಸರಿಯಾದ ದನಿಯಲ್ಲಿ ಒಂದು ಕಂತು ರೆಕಾರ್ಡ್ ಮಾಡಿ ಕಳಿಸೋಣ, ಕೇಳಿದರೆ ಆಸೆಯಾಗಿ ತಾವಾಗಿಯೇ ಹೊರಗೆ ಬರುತ್ತಾರೆ.

ಓದುಗರಲ್ಲಿ ಆಗಲೇ ಎರಡು ಪಕ್ಷ ಹುಟ್ಟಿತ್ತು. ಅರ್ಧ ಜನ ಕಾಮೆಂಟಿನಲ್ಲಿ “ಅಕ್ಕಾ, ಸಕ್ಕತ್” ಎಂದರೆ ಇನ್ನರ್ಧ ಜನ “ಗುರು, ಬೆಂಕಿ” ಎನ್ನುತ್ತಿದ್ದರು. ಹೆಂಗಸಿನ ಮನಸ್ಸು ಹೆಂಗಸಿಗೇ ಗೊತ್ತು ಅಂತ ಒಬ್ಬರು. ಮುದುಕರ ಸಿಡುಕು ಮುದುಕನಿಗೇ ಗೊತ್ತು ಅಂತ ಇನ್ನೊಬ್ಬರು. ಗುಬ್ಬಿ ಮಾತ್ರ ಎರಡೂ ಕಡೆಗೆ ಒಂದೊಂದು ನಗುಮುಖ ಹಾಕಿ ಸುಮ್ಮನಾಗುತ್ತಿತ್ತು.

ಮೊದಲು ನಮ್ಮ ಎಂಜಿನಿಯರ್ ಬಳಿ ಹೋದೆ. ಬರಹ ಕೊಟ್ಟರೆ ಬರೆದವರು ಗಂಡೋ ಹೆಣ್ಣೋ ಹೇಳುವ ಪ್ರೋಗ್ರಾಮು ತಾನು ಮಾಡಿಕೊಡುವುದಾಗಿ ಅವನು ಉತ್ಸಾಹದಿಂದ ಹೇಳಿದ. ನಮ್ಮ ಆಪಿನ ಕತೆಗಳನ್ನೆಲ್ಲ ಅದಕ್ಕೆ ತಿನ್ನಿಸಿ ತಯಾರು ಮಾಡಿದ. ಗುಬ್ಬಿಯ ಮೊದಲ ಕಂತು ಕೊಟ್ಟರೆ ‘ಹೆಣ್ಣು’ ಎಂದಿತು. ಎರಡನೆಯದು ಕೊಟ್ಟರೆ ‘ಗಂಡು’. ಮೂರನೆಯದನ್ನು ಎರಡು ತುಂಡು ಮಾಡಿ ಕೊಟ್ಟರೆ ತುಂಡಿಗೊಂದು ಉತ್ತರ. “ನಿಮ್ಮದೇ ಏನಾದರೂ ಕೊಡಿ ಮೇಡಂ, ಪರೀಕ್ಷೆ ಮಾಡೋಣ” ಎಂದ. ನಾನು ಬರೆದ ಪ್ರಬಂಧವೊಂದನ್ನು ಕೊಟ್ಟೆ. ಎಳ್ಳಷ್ಟೂ ಸಂಶಯವಿಲ್ಲದೆ ‘ಗಂಡು’ ಎಂದಿತು. ಸಂಜೆ ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಮದುವೆಯಾದಾಗಿನಿಂದ ನನಗೂ ಅದೇ ಅನುಮಾನ” ಎಂದರು.

ಯಂತ್ರ ಕೈಕೊಟ್ಟ ಮೇಲೆ ನನ್ನ ಹಳೇ ದಾರಿಯೇ ಗತಿ ಎಂದು ಅಷ್ಟೂ ಕಂತುಗಳನ್ನು ಪ್ರಿಂಟ್ ತೆಗೆಸಿ ಕೂತೆ. ವರ್ಷಗಟ್ಟಲೆ ಬೇರೆಯವರ ಬರಹ ತಿದ್ದಿದವಳಿಗೆ ಒಂದು ವಿಷಯ ಗೊತ್ತಿರುತ್ತದೆ. ಬರೆಯುವವರು ಏನನ್ನು ವಿವರಿಸುತ್ತಾರೆ ಎನ್ನುವುದಕ್ಕಿಂತ ಏನನ್ನು ವಿವರಿಸದೆ ದಾಟಿಬಿಡುತ್ತಾರೆ ಎಂದು ನೋಡಬೇಕು. ದಿನಾ ಕಾಣುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ದೂರದಿಂದ ಕಂಡದ್ದನ್ನೇ ನಾವು ಹೆಚ್ಚು ವರ್ಣಿಸುವುದು. ಹಾಗಾಗಿ ವಿವರಿಸಿದ್ದಕ್ಕೆ ಹಳದಿ ಗೆರೆ, ವಿವರಿಸದೆ ಬಿಟ್ಟದ್ದಕ್ಕೆ ಹಸಿರು ಗೆರೆ ಎಳೆಯುತ್ತ ಹೋದೆ. ಲೇತ್ ಮಷಿನ್ನು, ಶಿಫ್ಟಿನ ಸೈರನ್ನು, ಕೈಗೆ ಅಂಟುವ ಆಯಿಲ್ ಎಲ್ಲ ಹಸಿರು. ಸೀರೆಗೆ ಪಿನ್ ಚುಚ್ಚುವುದು, ಅಕ್ಕಿ ನೆನೆಹಾಕುವುದು ಕೂಡ ಹಸಿರೇ. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಮೈಗೆ ಅಂಟಿರುವುದು ಅಪರೂಪ. ಫ್ಯಾಕ್ಟರಿಗೆ ಹೋಗುವ ಹೆಂಗಸೇ ಇರಬೇಕು ಎಂದು ಹೆಚ್ಚುಕಡಿಮೆ ನಿರ್ಧಾರ ಮಾಡಿದೆ.

ಅಷ್ಟರಲ್ಲಿ ಅಕೌಂಟ್ಸಿನ ನಮ್ಮ ಗೆಳತಿ ಬಂದಳು. ಸೊಂಟ ದಾಟುವ ಜಡೆ ಅವಳದು. ನನ್ನ ಹೆಗಲ ಮೇಲಿಂದ ಓದಿ ಕಿಸಕ್ಕನೆ ನಕ್ಕಳು.

“ಇದನ್ನ ಬರೆದಿರೋದು ಹೆಂಗಸಲ್ಲ ಕಣೇ.”

“ಯಾಕೆ?”

“ಓದು ಇಲ್ಲಿ. ‘ಪದ್ಮಾ ಒಂದು ಕೈಯಲ್ಲಿ ಡಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ಜಡೆ ಹೆಣೆದುಕೊಳ್ಳುತ್ತಾ ಬಸ್ಸಿಗೆ ಓಡಿದಳು.’ ಒಂದೇ ಕೈಯಲ್ಲಿ ಜಡೆ ಹಾಕ್ಕೊಳ್ಳೋಕಾಗುತ್ತಾ? ಜಡೆ ಇರೋ ಯಾರೂ ಹೀಗೆ ಬರೆಯಲ್ಲ.”

ಸುಮ್ಮನೆ ಹೇಳಿ ಬಿಡುವವಳಲ್ಲ ಅವಳು. ಜಡೆ ಬಿಚ್ಚಿ, ನನ್ನ ಊಟದ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು, ಆಫೀಸಿನ ಉದ್ದಕ್ಕೂ ಓಡುತ್ತ ಬಲಗೈಯಲ್ಲಿ ಹೆಣೆಯಲು ನೋಡಿದಳು. ಕೂದಲೆಲ್ಲ ಮುಖದ ಮೇಲೆ ಬಂತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹಾಗಾದರೆ ಗಂಡಸು ಎಂದು ಬರೆದುಕೊಳ್ಳುವಷ್ಟರಲ್ಲಿ ಎಂಜಿನಿಯರ್ ಇನ್ನೊಂದು ಹಾಳೆ ಎತ್ತಿಕೊಂಡ. “ಇರಿ ಮೇಡಂ. ಇಲ್ಲಿ ಸಣ್ಣಪ್ಪಜ್ಜ ಪಂಚೆಯ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದ ಅಂತಿದೆ. ಪಂಚೆಗೆಲ್ಲಿ ಜೇಬು? ಜೇಬಿರೋದು ಒಳಗಿನ ಪಟ್ಟಾಪಟ್ಟಿ ಚಡ್ಡಿಗೆ. ಇದನ್ನ ಬರೆದೋರು ಜನ್ಮದಲ್ಲಿ ಪಂಚೆ ಉಟ್ಟಿಲ್ಲ. ನಮ್ಮ ತಾತ ಓದಿದ್ರೆ ಉರುಳಾಡಿ ನಗೋರು.”

ಈಗ ನನ್ನ ಮುಂದಿದ್ದ ಗುಬ್ಬಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. ವಾರದ ಗಡುವು ಕೇಳಿದ ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ಉಳಿದದ್ದು ಜಾಗದ ಸುಳಿವು. ಕತೆಯಲ್ಲಿ ಪದೇಪದೇ ಒಂದು ಟೀ ಅಂಗಡಿ ಬರುತ್ತಿತ್ತು. ಮುಂದೆ ಬೇವಿನ ಮರ, ಮರದ ಕಾಂಡಕ್ಕೆ ಮೊಳೆ ಹೊಡೆದು ನೇತುಹಾಕಿದ ಗೋಡೆ ಗಡಿಯಾರ. ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ನಾಗಸಂದ್ರದಲ್ಲಿ ಇಳಿದೆ. ತುಮಕೂರು ರಸ್ತೆಯ ಲಾರಿಗಳ ನಡುವೆ ಪ್ರಾಣ ಕೈಯಲ್ಲಿ ಹಿಡಿದು ದಾಟಿ, ಒಳರಸ್ತೆಗಳಲ್ಲಿ ಸುತ್ತಿ ಸುಸ್ತಾಗುವ ಹೊತ್ತಿಗೆ ಮರ ಸಿಕ್ಕಿತು, ಗಡಿಯಾರವೂ ಸಿಕ್ಕಿತು. ಅದು ಓಡುತ್ತಿತ್ತು ಕೂಡ. ಆ ಖುಷಿಯಲ್ಲಿ ಯೋಚನೆ ಮಾಡದೆ ನೇರವಾಗಿ ಟೀ ಅಂಗಡಿಯವರನ್ನೇ ಕೇಳಿದೆ.

“ಒಬ್ಬರನ್ನ ಹುಡುಕ್ತಿದೀನಿ ಅಣ್ಣ. ಕತೆ ಬರೀತಾರೆ.”

“ಗಂಡಸಾ, ಹೆಂಗಸಾ?”

“ಅದೇ ಗೊತ್ತಿಲ್ಲ.”

“ವಯಸ್ಸು?”

“ಗೊತ್ತಿಲ್ಲ.”

“ಹೆಸರು?”

“ಗುಬ್ಬಿ.”

ಆತ ನನ್ನನ್ನು ಒಂದು ಸಲ ಅಡಿಯಿಂದ ಮುಡಿವರೆಗೆ ನೋಡಿ, “ಮೊದಲು ಕೂತ್ಕೊಂಡು ಟೀ ಕುಡೀರಿ ಮೇಡಂ” ಎಂದು ಕರುಣೆಯಿಂದ ಲೋಟ ಕೊಟ್ಟರು. ಫೋನು ತೆಗೆದು ಕತೆ ತೋರಿಸಿದೆ. ಕಣ್ಣರಳಿಸಿದರು. “ಅಯ್ಯೋ, ಡಬ್ಬಿ ಕಳ್ಳನ ಕತೆ! ನಾವೂ ಓದ್ತೀವಲ್ಲ. ನಮ್ಮ ಅಂಗಡಿನೇ ಇದು ಅಂತ ನಂಗೆ ಹೊಳೀಲೇ ಇಲ್ಲ ನೋಡಿ. ಇಲ್ಲೇ ಯಾವುದೋ ಕಂಪನಿಯವರು. ನೀವೇನೂ ಯೋಚನೆ ಮಾಡ್ಬೇಡಿ, ಶಿಫ್ಟ್ ಬಿಡ್ಲಿ, ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿಬಿಡ್ತೀನಿ. ಸೂಪರ್‌ವೈಸರ್‌ಗಳೆಲ್ಲ ನಮ್ಮ ಗಿರಾಕಿಗಳೇ, ಅವರಿಗೂ ಹೇಳ್ತೀನಿ.”

ಸೂಪರ್‌ವೈಸರ್ ಎಂಬ ಮಾತು ಕೇಳಿದ್ದೇ ಲೋಟ ಕೆಳಗಿಟ್ಟೆ. ಕತೆಯಲ್ಲಿ ಸೂಪರ್‌ವೈಸರುಗಳಿಗೆ ಮಾಡಿದ ಗೇಲಿ ಕಡಿಮೆಯೇನಿರಲಿಲ್ಲ. ಹೆಸರು ಮುಚ್ಚಿಟ್ಟವರಿಗೆ ಏನೋ ಕಾರಣವಿರುತ್ತದೆ. ಮೀಟಿಂಗಿನಲ್ಲಿ ಜಂಬ ಕೊಚ್ಚಿದ್ದಕ್ಕೆ ನಾನು ಯಾರದೋ ಗೂಡಿಗೆ ಕೈ ಹಾಕಲು ಹೊರಟಿದ್ದೆ. ಬೇಡ, ಯಾರಿಗೂ ಹೇಳಬೇಡಿ ಎಂದು ಆತನಿಂದ ಮಾತು ತೆಗೆದುಕೊಂಡು, ಎರಡನೇ ಟೀ ಕುಡಿದು ವಾಪಸು ಬಂದೆ.

ಬರುವಾಗ ಮೆಟ್ರೋದಲ್ಲೇ ಗುಬ್ಬಿಗೆ ಬರೆದೆ. ಇನ್ನು ಹುಡುಕುವುದಿಲ್ಲ, ಕೇಳುವುದೂ ಇಲ್ಲ. ಆದರೆ ಸಂಪಾದಕಿಯಾಗಿ ಒಂದು ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಒಂದು ಕೈಯಲ್ಲಿ ಜಡೆ ಹೆಣೆಯಲು ಆಗುವುದಿಲ್ಲ, ಪಂಚೆಗೆ ಜೇಬು ಇರುವುದಿಲ್ಲ. ಜಡೆಯೂ ಇಲ್ಲದ, ಪಂಚೆಯೂ ಉಡದ ನೀವು ಯಾರೇ ಆಗಿರಿ, ನಿಮ್ಮ ಕತೆ ಓದಿ ನಾನು ಬಹಳ ಸುಖಪಟ್ಟಿದ್ದೇನೆ. ಇಷ್ಟು ಬರೆದು ಕಳಿಸಿಬಿಟ್ಟೆ. ಬಾಸಿಗೆ ಸೋತೆ ಎಂದು ಹೇಳುವುದಕ್ಕೂ ತಯಾರಾದೆ.

ಮರುದಿನ ಉತ್ತರ ಬಂತು: “ಪಂಚೆಯದು ನನ್ನ ತಪ್ಪು. ಜಡೆ ನಾನು ಬರೆದದ್ದಲ್ಲ.”

ಅದರ ಕೆಳಗೇ ಒಂದು ಫೋನ್ ನಂಬರು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇಬ್ಬರು! ಯಂತ್ರ ತುಂಡಿಗೊಂದು ಉತ್ತರ ಕೊಟ್ಟಾಗ ನಾವು ಅದಕ್ಕೇ ಬೈದಿದ್ದೆವು.

ಆ ನಂಬರಿಗೆ ಫೋನ್ ಮಾಡಿದ ಮೇಲೆ, ಉತ್ತರ ಬರೆದವಳು ಭಾನುವಾರ ಪೀಣ್ಯದ ಒಂದು ಪಾರ್ಕಿನಲ್ಲಿ ಭೇಟಿಯಾದಳು. ಮೂವತ್ತರ ಒಳಗಿನ ಹೆಣ್ಣುಮಗಳು, ಗದಗ ಕಡೆಯವಳು. ಫ್ಯಾಕ್ಟರಿಯೊಂದರಲ್ಲಿ ಬಿಡಿಭಾಗ ಜೋಡಿಸುವ ಕೆಲಸ. ಗಂಡ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಾನೆ, ಕತೆ ಓದುವ ತಾಳ್ಮೆ ಅವನಿಗಿಲ್ಲವಂತೆ. ಮನೆಯಲ್ಲಿ ಮೂರು ವರ್ಷದ ಮಗಳು, ಮತ್ತೆ ಮಾವ. ಅತ್ತೆ ತೀರಿಕೊಂಡಿದ್ದಾರೆ. ಮಾವ ಪೀಣ್ಯದ ವರ್ಕ್‌ಶಾಪುಗಳಲ್ಲಿ ಜೀವಮಾನವಿಡೀ ಲೇತ್ ನಡೆಸಿ, ಈಗ ಮೊಮ್ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದಾರೆ.

“ಜಡೆ ಬರೆದದ್ದು ಯಾರು?” ಎಂದೆ.

“ಮಾವಾರ್ರಿ.”

“ಮತ್ತೆ ಸಣ್ಣಪ್ಪಜ್ಜ?”

“ಅಂವ ನನ್ನಾಂವ್ರಿ. ಪದ್ಮಾ ಮಾವಾರಕಿ.”

ನನಗೆ ತಲೆ ಗಿರ್ರೆಂದಿತು. ಮುದುಕನ ಸಿಡುಕನ್ನೆಲ್ಲ ಬರೆಯುತ್ತಿದ್ದವಳು ಈ ಹುಡುಗಿ, ಹುಡುಗಿಯ ತರಲೆಯನ್ನೆಲ್ಲ ಬರೆಯುತ್ತಿದ್ದವರು ಆ ಮುದುಕ. ಶುರುವಾದದ್ದು ಹೇಗೆ ಎಂದು ಕೇಳಿದೆ. ಮನೆಯಲ್ಲೊಂದು ಹಳೆ ಫೋನು, ಮಗು ಕಾರ್ಟೂನ್ ನೋಡಲೆಂದು ಇಟ್ಟದ್ದು. ಅದರಲ್ಲಿ ಇವಳು ಬಿಡುವಾದಾಗ ಕತೆ ಬರೆಯುತ್ತಿದ್ದಳು. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ತಾನು ಬರೆದು ನಿಲ್ಲಿಸಿದ್ದ ಸಣ್ಣಪ್ಪಜ್ಜನ ಬೈಗುಳಕ್ಕೆ ಪದ್ಮಾಳಿಂದ ಒಂದು ಚುರುಕು ಉತ್ತರ ಸೇರಿಕೊಂಡಿತ್ತು. ಮನೆಯಲ್ಲಿ ಓದುಬರಹ ಬಲ್ಲವರು ಆ ಹೊತ್ತಿಗೆ ಇದ್ದದ್ದು ಒಬ್ಬರೇ. ಇವಳು ಏನೂ ಹೇಳಲಿಲ್ಲ. ಅದಕ್ಕೊಂದು ಮರು ಉತ್ತರ ಬರೆದಿಟ್ಟು ಮಲಗಿದಳು. ಅಂದಿನಿಂದ ಹಗಲು ಅವರದು, ಸಂಜೆ ಇವಳದು.

“ಬಾಯಿಬಿಟ್ಟು ಇದರ ಬಗ್ಗೆ ಮಾತೇ ಆಡಿಲ್ಲವಾ?”

“ಮಾವಾರ ಕೂಡ ನಾ ಮಾತಾಡಾಂಗಿಲ್ರಿ ಮೇಡಂ. ನಮ್ಮ ಕಡೆ ಹಂಗ. ಅವರ ಮುಂದ ಕುಂದ್ರಾಂಗಿಲ್ಲ, ತಲಿ ಎತ್ತಿ ನೋಡಾಂಗಿಲ್ಲ. ಊಟಕ್ಕ ಕರೀಬೇಕಂದ್ರ ಕೂಸಿಗೆ ಹೇಳ್ತೀನಿ, ‘ಪುಟ್ಟಿ, ಅಜ್ಜಗ ಊಟಕ್ಕ ಬಾ ಅನ್ನವಾ.’ ಅವರೂ ಕೂಸಿಗೇ ಹೇಳ್ತಾರ. ಪಂಚೀಗೆ ಜೇಬು ಐತೋ ಇಲ್ಲೋ ನನಗೆಂಗ ಗೊತ್ತಾಗಬೇಕು? ತಮ್ಮ ಪಂಚಿ ಅರಬಿ ಎಲ್ಲಾ ತಾವ ಒಗಕೋತಾರ. ಕೀಲಿಕೈ ಎಲ್ಲಿಂದೋ ತೆಗೀತಾರ, ಅಷ್ಟ ಗೊತ್ತು.”

ಒಂದು ಕೈಯ ಜಡೆಯನ್ನು ಯಾಕೆ ತಿದ್ದಲಿಲ್ಲ ಎಂದೆ.

“ಮುಂಜಾನೆ ನಾ ಹಂಗ ಓಡ್ತೀನ್ರಿ, ಜಡಿ ಹಾಕ್ಕೊಂತ, ಡಬ್ಬಿ ಬಗಲಾಗ ಹಿಡಕೊಂಡು. ಅವರು ಪೇಪರ್ ಓದ್ಕೊಂತ ಕುಂತಿರ್ತಾರ. ನನ್ನ ನೋಡೇ ಇಲ್ಲ ಅಂತ ತಿಳ್ಕೊಂಡಿದ್ದೆ. ನೋಡ್ಯಾರ. ತಿದ್ದಾಕ ಮನಸ್ಸು ಬರ್ಲಿಲ್ಲ.”

ಬೇರೆಯವರ ದನಿ ಯಾಕೆ, ನೀವಿಬ್ಬರೇ ಬಂದು ಓದಿ ಎಂದೆ. ಆಡಿಯೋ ಎಂದರೆ ಅವಳಿಗೂ ಆಸೆಯೇ. ಆದರೆ ಮಾವನ ಒಪ್ಪಿಗೆ ಬೇಕು, ಸಹಿ ಬೇಕು. ನಾನೇ ಬಂದು ಮಾತಾಡುತ್ತೇನೆ ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಕೈ ಮುಗಿದಳು. ಹೊರಗಿನವರು ಮನೆಗೆ ಬಂದು, ನೀವು ಸೊಸೆಯ ಜೊತೆ ಹೀಗೆ ತಮಾಷೆ ಮಾಡುತ್ತೀರಂತೆ ಎಂದು ಎದುರಿಗೇ ಹೇಳಿದರೆ ಆ ಹಿರಿಯರು ನಾಚಿ ಫೋನು ಮುಟ್ಟುವುದನ್ನೇ ಬಿಟ್ಟಾರು. “ಆ ಮನ್ಯಾಗ ನನ್ನ ಕೂಡ ಮಾತಾಡವ್ರು ಅವರೊಬ್ಬರ ರೀ. ಅದೂ ನಿಂತ್ರ ನಾ ಏನ್ ಮಾಡ್ಲಿ?” ಎಂದಳು. ಕತೆ ಹೋದರೆ ಹೋಗಲಿ, ಇದಕ್ಕೆ ಮಾತ್ರ ಧಕ್ಕೆಯಾಗಬಾರದು ಅನ್ನಿಸಿತು.

ಪಾರ್ಕಿನ ಬೆಂಚಿನ ಮೇಲೆ ಕೂತು ಬಹಳ ಹೊತ್ತು ತಲೆ ಕೆರೆದುಕೊಂಡೆವು. ಕೊನೆಗೆ ನನಗೆ ಹೊಳೆಯಿತು. ಬಾಯಲ್ಲಿ ಕೇಳಲಾಗದಿದ್ದರೆ ಕತೆಯಲ್ಲೇ ಕೇಳಿದರಾಯಿತು. ಅವಳು ಅಂದು ಸಂಜೆಯೇ ಹಳೆ ಫೋನಿನಲ್ಲಿ ಬರೆದಿಟ್ಟಳು. ವೈಟ್‌ಫೀಲ್ಡಿನಿಂದ ಒಬ್ಬ ಮೇಡಂ ಫ್ಯಾಕ್ಟರಿಗೆ ಬರುತ್ತಾಳೆ, ನಿಮ್ಮ ಜಗಳವನ್ನು ಮೈಕಿನ ಮುಂದೆ ಆಡುತ್ತೀರಾ, ಸಹಿ ಹಾಕುತ್ತೀರಾ ಎಂದು ಕೇಳುತ್ತಾಳೆ. ಸಣ್ಣಪ್ಪಜ್ಜ ಮುಖ ಗಂಟು ಹಾಕಿಕೊಂಡು ಪದ್ಮಾಳನ್ನು ಕೇಳುತ್ತಾನೆ: “ಏ ಹುಡುಗಿ, ನೀ ಬರ್ತೀಯೋ, ಇಲ್ಲೋ?”

ಸೋಮವಾರ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಊಟ, ತಿಂಡಿ ಎಲ್ಲ ಎಂದಿನಂತೆ, ಪುಟ್ಟಿಯ ಮೂಲಕ ಮಾತು ಎಂದಿನಂತೆ, ಫೋನಿನಲ್ಲಿ ಮಾತ್ರ ಒಂದಕ್ಷರವಿಲ್ಲ. ಕೆಲಸದ ನಡುವೆ ಅವಳು ನನಗೆ ಫೋನ್ ಮಾಡಿ, “ಕೆಡಿಸಿಬಿಟ್ಟೆ ಅನಸ್ತದ ಮೇಡಂ” ಎಂದು ಅತ್ತಳು. ನಾನು ದೇವರಿಗೆ ಹರಕೆ ಹೊರುವವಳಲ್ಲ. ಅಂದು ಮಾತ್ರ ಆಫೀಸಿನ ಎದುರಿನ ಗಣಪನಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ.

ಬುಧವಾರ ಸಂಜೆ ಅವಳು ಕಳಿಸಿದ ಫೋಟೋದಲ್ಲಿ ಪದ್ಮಾಳ ಉತ್ತರವಿತ್ತು. “ಬರ್ತೀನಿ. ಆದ್ರ ಅಜ್ಜಾ, ನೀ ಹಳೇ ಅಂಗಿ ಹಾಕ್ಕೊಂಡು ಬಂದ್ರ ನಾ ಬಾಜೂಕ ನಿಲ್ಲಾಂಗಿಲ್ಲ. ಹೊಸಾದು ತಗೋ. ಎಲ್ಲಾ ಮನೀಗೇ ಖರ್ಚು ಮಾಡಿ ನಿನಗಂತ ಏನೂ ತಗೋಳಂಗಿಲ್ಲ ನೀನು. ನಾ ನೋಡೇನಿ.” ಆಫೀಸಿನಲ್ಲಿ ಅದನ್ನು ಜೋರಾಗಿ ಓದುತ್ತ ನನ್ನ ಕಣ್ಣು ತುಂಬಿತು. ಅಕೌಂಟ್ಸಿನ ಗೆಳತಿಯೂ ಮೂಗು ಒರೆಸಿಕೊಂಡಳು. ಕಾಗದಪತ್ರ ಪುಟ್ಟಿಯ ಕೈಯಲ್ಲಿ ಅಜ್ಜನಿಗೆ ಹೋಗಿ, ಸಹಿಯಾಗಿ, ಪುಟ್ಟಿಯ ಕೈಯಲ್ಲೇ ವಾಪಸು ಬಂತು. ಗಂಡಾ ಹೆಣ್ಣಾ ಎಂದು ಬಾಸ್ ಮತ್ತೆ ಕೇಳಿದರು. “ಹೌದು” ಎಂದೆ.

ರೆಕಾರ್ಡಿಂಗ್ ದಿನ ಇಬ್ಬರೂ ವೈಟ್‌ಫೀಲ್ಡಿಗೆ ಬಂದರು. ಅವಳು ಹೊಸ ಸೀರೆಯಲ್ಲಿದ್ದಳು. ಅವರದು ಬಿಳಿ ಅಂಗಿ, ಗರಿಗರಿ ಪಂಚೆ. ಆತ ಮುಂದೆ, ಅವಳು ನಾಲ್ಕು ಮಾರು ಹಿಂದೆ. ನಮ್ಮ ಸ್ಟುಡಿಯೋ ಎಂದರೆ ಒಂದು ಪುಟ್ಟ ಕೋಣೆ, ಒಂದು ಮೇಜು, ಎರಡು ಮೈಕು, ಎರಡು ಕುರ್ಚಿ. ಆತ ಕೂತರು. ಅವಳು ಸೆರಗು ತಲೆಗೆಳೆದುಕೊಂಡು ಇನ್ನೊಂದು ಕುರ್ಚಿಯ ಹಿಂದೆ ನಿಂತಳು. ಎಷ್ಟು ಹೇಳಿದರೂ ಕೂರಲಿಲ್ಲ. ರೆಕಾರ್ಡಿಸ್ಟ್ ಗೊಣಗುತ್ತ ಅವಳ ಮೈಕನ್ನು ಎತ್ತರಿಸಿಕೊಟ್ಟ.

ಅಲ್ಲೊಂದು ಎಡವಟ್ಟಾಯಿತು. ಮುದುಕನ ಮಾತು ಮುದುಕರು, ಹುಡುಗಿಯ ಮಾತು ಹುಡುಗಿ ಓದಲಿ, ಅದೇ ಸಹಜ ಎಂದು ಬಾಸ್ ಹೇಳಿ ಕಳಿಸಿದ್ದರು. ಹಾಗೇ ಹಾಳೆ ಹಂಚಿದೆವು. ಆತ “ಏ ಹುಡುಗಿ” ಎನ್ನಲು ಹೋಗಿ ಕೆಮ್ಮಿದರು. ಅವಳು ಓದಿದ್ದು ಮೈಕಿಗೂ ಕೇಳಿಸಲಿಲ್ಲ. ಮತ್ತೆ ಮಾಡಿದೆವು, ಮತ್ತೆ ಮಾಡಿದೆವು. ಶಾಲೆಯಲ್ಲಿ ಪಾಠ ಒಪ್ಪಿಸಿದಂತಾಯಿತು. ಆತ ಹಾಳೆ ಕೆಳಗಿಟ್ಟು ಎದ್ದು ಹೋಗುವ ಹಾಗೆ ಕಂಡಿತು. ಅವಳು ಗಾಬರಿಯಿಂದ ಗಾಜಿನಾಚೆ ನಿಂತಿದ್ದ ನನ್ನನ್ನು ನೋಡಿದಳು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಎಲ್ಲ ಗೊತ್ತಿದ್ದೂ ಯಾರೋ ಹೇಳಿದರು ಅಂತ ಹಾಳೆ ಹಂಚಿದವಳು ನಾನೇ. ಬಾಗಿಲು ತಳ್ಳಿ ಒಳಗೆ ಹೋಗಿ ಇಬ್ಬರ ಕೈಯಿಂದಲೂ ಹಾಳೆ ಕಿತ್ತುಕೊಂಡು ಅದಲುಬದಲು ಮಾಡಿ ಕೊಟ್ಟೆ. “ನೀವು ಬರೆದದ್ದನ್ನ ನೀವೇ ಓದಿ” ಎಂದೆ. ಆತ ಹಾಳೆ ನೋಡಿದರು. ಮೀಸೆಯಲ್ಲೇ ಸಣ್ಣಗೆ ನಕ್ಕರು.

ಆಮೇಲೆ ನಡೆದದ್ದನ್ನು ಕೇಳಿಯೇ ನಂಬಬೇಕು. ಆ ಹಿರಿಯರ ಒಡಕು ಗಂಟಲಿನಲ್ಲಿ ಪದ್ಮಾ ಸೊಂಟಕ್ಕೆ ಕೈಕೊಟ್ಟು ನಿಂತಳು. ತಲೆಗೆ ಸೆರಗು ಹೊದ್ದ ಹುಡುಗಿಯ ಬಾಯಿಂದ ಸಣ್ಣಪ್ಪಜ್ಜ ಗುಡುಗಿದ. ಒಂದು ಏಟು, ಒಂದು ಮರು ಏಟು. ರೆಕಾರ್ಡಿಸ್ಟ್ ನಗು ತಡೆಯಲಾರದೆ ತನ್ನ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಒಂದು ಕಡೆ ಆತ ಓದುವುದನ್ನು ನಿಲ್ಲಿಸಿದರು. ಹಾಳೆ ಮಡಿಚಿ ಮೇಜಿನ ಮೇಲಿಟ್ಟರು. ತಲೆ ತಿರುಗಿಸಲಿಲ್ಲ, ಮೈಕನ್ನೇ ನೋಡುತ್ತ, ಪದ್ಮಾಳ ದನಿಯಲ್ಲೇ ಹೇಳಿದರು:

“ಅಜ್ಜಾ, ಆಗಿಂದ ನಿಂತೀದಿ. ಕುಂದ್ರು. ಕಾಲು ನೋಯ್ತಾವು.”

ಅದು ಹಾಳೆಯಲ್ಲಿರಲಿಲ್ಲ. ಅವಳು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೂ ಸಣ್ಣಪ್ಪಜ್ಜನ ಗತ್ತು ಬಿಡಲಿಲ್ಲ.

“ನನಗ ಕುಂದ್ರು ಅನ್ನಾಕ ನೀ ಯಾರಲೇ ಹುಡುಗಿ?” ಎಂದು ಗದರಿ, ಕುರ್ಚಿ ಎಳೆದು, ಮಾವನ ಪಕ್ಕದಲ್ಲಿ ಕೂತಳು.

ಕುರ್ಚಿ ಎಳೆದ ಕಿರ್ರೆಂಬ ಸದ್ದೂ ರೆಕಾರ್ಡಾಗಿದೆ. ಅದನ್ನು ತೆಗೆಯಲು ನಾನು ಬಿಡಲಿಲ್ಲ.